ಗಾಳಿಯೊಡನೆ ಗುದ್ದಾಟ ಬೇಡ

ಆಷಾಢದ ಗಾಳಿಯನ್ನು ಬೆಂಗಳೂರಿನ ಉತ್ತರ ಭಾಗದವರಿಗೆ ಪರಿಚಯಿಸಬೇಕಾಗಿಲ್ಲ. ಹೆಬ್ಬಾಳದ ಮೇಲುಸೇತುವೆಯ ಮೇಲೆ ಸ್ಕೂಟರು ಓಡಿಸುವವರು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಆರ್.ಟಿ. ನಗರದ ತಾರಸಿಗಳಲ್ಲಿ ಒಣಗಹಾಕಿದ ಬಟ್ಟೆ ಪಕ್ಕದ ಮನೆಯ ಅಂಗಳ ಸೇರುತ್ತದೆ. ಯಲಹಂಕದ ಬಯಲಿನಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಇದೇ ಗಾಳಿಯಲ್ಲಿ ನಾಲ್ಕೈದು ಗಂಟೆ ಬಯಲಿನಲ್ಲೇ ಕಳೆಯುವ ಇನ್ನೊಂದು ಗುಂಪಿದೆ. ಅದು ಗಾಲ್ಫ್ ಆಡುವವರದು ಮತ್ತು ಅವರ ಚೀಲ ಹೊತ್ತು ಜೊತೆಯಲ್ಲಿ ನಡೆಯುವ ಕ್ಯಾಡಿಗಳದು.

ಗಾಲ್ಫ್ ನಮ್ಮ ಊರಿಗೆ ಹೊಸದಲ್ಲ. ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಈಗ ದೇವನಹಳ್ಳಿ ದಾಟಿ ನಂದಿಬೆಟ್ಟದ ತಪ್ಪಲಿಗೆ ಹೋದರೂ ಪ್ರೆಸ್ಟೀಜ್ ಗಾಲ್ಫ್‌ಶೈರ್‌ನಂಥ ವಿಶಾಲ ಅಂಗಳ ಕಾಣುತ್ತದೆ. ಒಂದು ಕಾಲಕ್ಕೆ ದೊರೆಗಳ ಆಟವೆನಿಸಿದ್ದ ಇದನ್ನು ಇಂದು ನಿವೃತ್ತ ಅಧಿಕಾರಿಗಳು, ಸಾಫ್ಟ್‌ವೇರ್ ಉದ್ಯೋಗಿಗಳು, ಶಾಲಾ ಮಕ್ಕಳು ಎಲ್ಲರೂ ಆಡುತ್ತಾರೆ. 18 ಕುಳಿಗಳ ಒಂದು ಪೂರ್ತಿ ಸುತ್ತು ಎಂದರೆ ಆರೇಳು ಕಿ.ಮೀ. ನಡಿಗೆ. ಐವತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಸಿಗುವುದು ಕಷ್ಟ.

ಆದರೆ ಗಾಳಿಯ ದಿನಗಳಲ್ಲಿ ಇದೇ ಆಟ ಬೆನ್ನು, ಮೊಣಕೈ, ಕಣ್ಣು, ಎದೆ ಎಲ್ಲಕ್ಕೂ ತೊಂದರೆ ತರಬಲ್ಲದು. ಹಾಗಾದಾಗ ನಾವು ಗಾಳಿಯನ್ನು ದೂರುತ್ತೇವೆ. ನಿಜವಾಗಿ ನೋಡಿದರೆ ಇವುಗಳಲ್ಲಿ ಹೆಚ್ಚಿನವು ಗಾಳಿ ತಂದ ಕಾಯಿಲೆಗಳಲ್ಲ, ಗಾಳಿಯನ್ನು ಬಲದಿಂದ ಗೆಲ್ಲಲು ಹೊರಟ ನಾವೇ ತಂದುಕೊಂಡವು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದದ್ದನ್ನು ತಿಳಿಯುವುದು ಸುಲಭ.

ಎರಡು ಬಗೆಯ ಗಾಳಿ

ಬೆಂಗಳೂರಿನ ಜೋರು ಗಾಳಿಯಲ್ಲಿ ಎರಡು ಬಗೆ. ಇವೆರಡನ್ನೂ ಒಂದೇ ಎಂದು ತಿಳಿಯುವುದು ಅಪಾಯಕಾರಿ.

ಮೊದಲನೆಯದು ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರು ಗಾಳಿ. ಅರಬ್ಬೀ ಸಮುದ್ರದಿಂದ ಹೊರಟ ಈ ಗಾಳಿ ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಸುರಿಸಿ, ಘಟ್ಟ ಹತ್ತಿ ಬಯಲುಸೀಮೆಗೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಇದರ ವೇಗ ಅತಿ ಹೆಚ್ಚು. ನಮ್ಮ ಊರು ಇರುವುದೇ 900 ಮೀಟರ್ ಎತ್ತರದಲ್ಲಿ. ಸೂರ್ಯನ ಬಿಸಿಗೆ ನೆಲದ ಗಾಳಿ ಮೇಲೆದ್ದು, ಮೇಲಿನ ವೇಗದ ಗಾಳಿ ಕೆಳಗಿಳಿದು ಎರಡೂ ಬೆರೆಯುತ್ತವೆ. ಆದ್ದರಿಂದಲೇ ಬೆಳಗಿನ ಜಾವ ಸುಮ್ಮನಿದ್ದ ಮರಗಳು ಹನ್ನೊಂದು ಗಂಟೆಯ ಹೊತ್ತಿಗೆ ತೂಗಾಡತೊಡಗುತ್ತವೆ. ಈ ಗಾಳಿ ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ, ಅಂದರೆ ಪಶ್ಚಿಮದ ಕಡೆಯಿಂದ, ದಿನವಿಡೀ ಬೀಸುತ್ತದೆ. ಎಚ್ಚರಿಕೆಯಿಂದ ಇದರಲ್ಲಿ ಆಡಬಹುದು.

ಎರಡನೆಯದು ಏಪ್ರಿಲ್, ಮೇ ತಿಂಗಳ ಬಿರುಗಾಳಿ. ಮಧ್ಯಾಹ್ನದ ಸೆಕೆಯ ನಂತರ ಗುಡುಗು ಮೋಡ ಕಟ್ಟುತ್ತದೆ. ಮೋಡದೊಳಗೆ ತಂಪಾದ ಭಾರವಾದ ಗಾಳಿ ಒಮ್ಮೆಲೇ ಕೆಳಗೆ ಬಿದ್ದು ನಾಲ್ಕೂ ಕಡೆಗೆ ನುಗ್ಗುತ್ತದೆ. ಮಳೆಹನಿಗಿಂತ ಮೊದಲು ಬರುವ ಆ ತಣ್ಣನೆಯ ಧೂಳುಗಾಳಿ ಹಿತವೆನಿಸುತ್ತದೆ. ಆದರೆ ಅದರ ಹಿಂದೆಯೇ ಸಿಡಿಲಿದೆ, ಮುರಿದು ಬೀಳುವ ಕೊಂಬೆಯಿದೆ. ಇದು ಆಡುವ ಗಾಳಿಯಲ್ಲ, ಆಟ ನಿಲ್ಲಿಸಿ ಒಳಗೆ ಹೋಗಬೇಕಾದ ಗಾಳಿ.

ಬಲ ಹಾಕಿದರೆ ಬೆನ್ನಿಗೆ ಏಟು

ಗಾಳಿ ಎದುರಿನಿಂದ ಬೀಸುವಾಗ ಚೆಂಡನ್ನು ಇನ್ನಷ್ಟು ಜೋರಾಗಿ ಹೊಡೆಯಬೇಕೆನಿಸುವುದು ಸಹಜ. ಇದರಿಂದ ಪ್ರಯೋಜನವಿದೆಯೇ ಎಂದು ಮೊದಲು ನೋಡೋಣ.

ಗಾಲ್ಫ್ ಕೋಲಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಆದ್ದರಿಂದ ಹೊಡೆತ ತಿಂದ ಚೆಂಡು ಮುಂದಕ್ಕೆ ಹಾರುತ್ತಿರುವಾಗಲೇ ಹಿಮ್ಮುಖವಾಗಿ ತಿರುಗುತ್ತಿರುತ್ತದೆ. ಈ ತಿರುಗುವಿಕೆಯಿಂದ ಗಾಳಿ ಚೆಂಡನ್ನು ಮೇಲಕ್ಕೆತ್ತುತ್ತದೆ. ಎದುರುಗಾಳಿಯಲ್ಲಿ ಈ ಎತ್ತುವ ಬಲವೂ, ಹಿಂದಕ್ಕೆ ತಡೆಯುವ ಬಲವೂ ಹೆಚ್ಚುತ್ತವೆ. ಜೋರಾಗಿ ಹೊಡೆದಷ್ಟೂ ಚೆಂಡು ಹೆಚ್ಚು ತಿರುಗುತ್ತದೆ, ಹೆಚ್ಚು ಮೇಲೇರುತ್ತದೆ, ಆಕಾಶದಲ್ಲಿ ನಿಂತಂತಾಗಿ ಹತ್ತಿರದಲ್ಲೇ ಬೀಳುತ್ತದೆ. ಆಟಗಾರ ಮುಂದಿನ ಹೊಡೆತಕ್ಕೆ ಇನ್ನೂ ಬಲ ಹಾಕುತ್ತಾನೆ. ಚೆಂಡು ಇನ್ನೂ ಮೇಲೇರುತ್ತದೆ.

ಚೆಂಡಿನ ಕಥೆ ಹೀಗಾದರೆ ಬೆನ್ನಿನ ಕಥೆ ಏನು? ಕೋಲನ್ನು ಹಿಂದಕ್ಕೆತ್ತಿ ಬೀಸುವಾಗ ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ತಿರುಗಿ ಬೆನ್ನುಹುರಿಯ ಕಂಬ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಸೊಂಟದ ಮೂಳೆಗಳ ನಡುವಿನ ಮೆತ್ತೆಗಳ ಮೇಲೆ ಬೀಳುವ ಒತ್ತಡ ದೇಹದ ತೂಕದ ಸುಮಾರು ಎಂಟು ಪಟ್ಟು ಎಂದು ಅಳೆದು ನೋಡಿದ್ದಾರೆ. 70 ಕೆ.ಜಿ. ತೂಕದವರಿಗೆ ಇದು 560 ಕೆ.ಜಿ. ಭಾರಕ್ಕೆ ಸಮ! ಅಭ್ಯಾಸವಾದ ಹದದಲ್ಲಿ ಬೀಸಿದರೆ ಗಟ್ಟಿಯಾದ ಬೆನ್ನು ಇದನ್ನು ತಡೆದುಕೊಳ್ಳುತ್ತದೆ. ಹದ ತಪ್ಪಿ ಪೂರ್ತಿ ಬಲದಿಂದ, ಅದೂ ಗಾಳಿಯ ತಳ್ಳಾಟದಿಂದ ಕಾಲು ಕದಲಿದಾಗ ಬೀಸಿದರೆ ಸ್ನಾಯು ಉಳುಕುತ್ತದೆ, ಕೆಲವರಲ್ಲಿ ಮೆತ್ತೆ ಜಾರಿ ನರ ಒತ್ತುತ್ತದೆ. ಗಾಲ್ಫ್ ಆಟಗಾರರಲ್ಲಿ ಅತಿ ಹೆಚ್ಚು ಕಾಣುವ ನೋವು ಸೊಂಟದ್ದೇ.

ಗಾಳಿಯ ತಳ್ಳುವ ಬಲದ ಬಗ್ಗೆಯೂ ಒಂದು ಲೆಕ್ಕ ತಿಳಿದಿರಲಿ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ಗಾಳಿಯಲ್ಲಿ ಗಟ್ಟಿಯಾಗಿ ನಿಂತವರು 40 ಕಿ.ಮೀ. ಗಾಳಿಯಲ್ಲೂ ಹಾಗೆಯೇ ನಿಲ್ಲಬಲ್ಲೆವೆಂದು ಭಾವಿಸಬಾರದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಬಗ್ಗಿ ಚೆಂಡು ಎತ್ತಿಕೊಂಡು ಥಟ್ಟನೆ ಎದ್ದಾಗ ತಲೆ ತಿರುಗುವುದುಂಟು. ಅದೇ ಹೊತ್ತಿಗೆ ಗಾಳಿಯೂ ತಳ್ಳಿದರೆ ಬೀಳುವುದು ಖಂಡಿತ. ನಿಧಾನವಾಗಿ ಏಳುವುದು ಕ್ಷೇಮ.

ಮೊಣಕೈ ಮತ್ತು ಅಂಗೈ

ಗಾಳಿ ಬೀಸುವಾಗ ನಾವು ಮಾಡುವ ಇನ್ನೊಂದು ಕೆಲಸ ಕೋಲನ್ನು ಉಸಿರುಕಟ್ಟಿ ಬಿಗಿಯಾಗಿ ಹಿಡಿಯುವುದು. ಬೆರಳುಗಳನ್ನು ಮಡಿಸುವ ಕೆಲವು ಸ್ನಾಯುಗಳು ಮೊಣಕೈಯ ಒಳಬದಿಯ ಒಂದು ಸಣ್ಣ ಮೂಳೆಯ ಗಂಟಿಗೆ ಅಂಟಿಕೊಂಡಿರುತ್ತವೆ. ಹಿಡಿತ ಬಿಗಿಯಾದಷ್ಟೂ ಅಲ್ಲಿ ಎಳೆತ ಹೆಚ್ಚು. ಚೆಂಡಿನ ಬದಲು ನೆಲಕ್ಕೆ ಹೊಡೆದಾಗ ಬರುವ ಅದುರು ಕೂಡ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಹೀಗೆ ಪದೇ ಪದೇ ಎಳೆತಕ್ಕೆ ಸಿಕ್ಕಿ ಅಲ್ಲಿನ ಸ್ನಾಯುರಜ್ಜು ಸವೆಯುವುದನ್ನೇ ‘ಗಾಲ್ಫರನ ಮೊಣಕೈ’ ಎನ್ನುತ್ತಾರೆ. ಗಾಲ್ಫ್ ಕೋಲನ್ನೇ ಮುಟ್ಟದ ಬಡಗಿಗಳಿಗೆ, ಬಟ್ಟೆ ಹಿಂಡುವ ಗೃಹಿಣಿಯರಿಗೆ ಕೂಡ ಇದು ಬರುತ್ತದೆ. ಕೈ ಕುಲುಕುವಾಗ, ಬಿಂದಿಗೆ ಎತ್ತುವಾಗ ಮೊಣಕೈಯ ಒಳಬದಿ ನೋಯುವುದು ಇದರ ಲಕ್ಷಣ.

ಇನ್ನೊಂದು ಪೆಟ್ಟು ಅಪರೂಪದ್ದು, ಆದರೆ ಕಣ್ತಪ್ಪಿಹೋಗುವಂಥದ್ದು. ಬಲಗೈ ಆಟಗಾರರು ಜೋರಾಗಿ ನೆಲಕ್ಕೆ ಹೊಡೆದಾಗ ಕೋಲಿನ ಹಿಡಿಯ ತುದಿ ಎಡ ಅಂಗೈಗೆ, ಕಿರುಬೆರಳಿನ ಬುಡದ ಕಡೆ ಗುದ್ದುತ್ತದೆ. ಅಲ್ಲಿ ಕೊಕ್ಕೆಯಾಕಾರದ ಸಣ್ಣ ಮೂಳೆಯೊಂದಿದ್ದು ಅದು ಮುರಿಯಬಹುದು. ಸಾಮಾನ್ಯ ಎಕ್ಸ್‌ರೇಯಲ್ಲಿ ಇದು ಕಾಣದೇ ಇರಬಹುದು. ಆ ಜಾಗ ಒತ್ತಿದರೆ ನೋವು, ಹಿಡಿತ ದುರ್ಬಲ, ಕಿರುಬೆರಳಿನಲ್ಲಿ ಜೋಮು, ಇವು ಎರಡು ವಾರವಾದರೂ ಹೋಗದಿದ್ದರೆ ಮೂಳೆ ವೈದ್ಯರಿಗೆ ‘ಗಾಲ್ಫ್ ಆಡುವಾಗ ಆದದ್ದು’ ಎಂದು ಹೇಳಿ ಮತ್ತೆ ತೋರಿಸಿ. ಅಗತ್ಯವಿದ್ದರೆ ಅವರು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ.

ಮೆಲ್ಲಗೆ ಬೀಸುವ ವಿಧಾನ

ಬೆನ್ನಿಗೂ ಚೆಂಡಿಗೂ ಬೇಕಾದ ಮದ್ದು ಒಂದೇ ಆಗಿರುವುದು ನಮ್ಮ ಅದೃಷ್ಟ. ಗಾಳಿಯಲ್ಲಿ ಚೆಂಡು ತಗ್ಗಿನಲ್ಲಿ ಹೋಗಬೇಕು. ತಗ್ಗಿನಲ್ಲಿ ಹೋಗಬೇಕಾದರೆ ಮೆಲ್ಲಗೆ ಬೀಸಬೇಕು.

ಏಳನೇ ನಂಬರಿನ ಐರನ್ ಕೋಲು ಬಳಸುವ ಕಡೆ ಆರು ಅಥವಾ ಐದನೆಯದನ್ನು ತೆಗೆದುಕೊಳ್ಳಿ. ನಂಬರು ಕಡಿಮೆಯಾದಂತೆ ಕೋಲಿನ ತಲೆ ಹೆಚ್ಚು ನೆಟ್ಟಗಿರುತ್ತದೆ, ಅದೇ ಬಲಕ್ಕೆ ಚೆಂಡು ಹೆಚ್ಚು ದೂರ ಹೋಗುತ್ತದೆ. ಹಿಡಿಯನ್ನು ಒಂದೆರಡು ಅಂಗುಲ ಕೆಳಗೆ ಹಿಡಿಯಿರಿ. ಪಾದಗಳ ನಡುವಿನ ಅಂತರವನ್ನು ಸ್ವಲ್ಪ ಹೆಚ್ಚಿಸಿ, ಮಂಡಿಯನ್ನು ತುಸು ಮಡಿಸಿ ನಿಲ್ಲಿ. ಚೆಂಡು ಎಂದಿಗಿಂತ ಸ್ವಲ್ಪ ಹಿಂದಿನ ಪಾದದ ಕಡೆಗಿರಲಿ. ಕೋಲನ್ನು ಮುಕ್ಕಾಲು ಭಾಗ ಮಾತ್ರ ಎತ್ತಿ, ಮುಕ್ಕಾಲು ಬಲದಿಂದ ಬೀಸಿ. ಗಾಳಿ ಒಮ್ಮೆಲೇ ಜೋರಾದರೆ ಕೋಲನ್ನು ಇಳಿಸಿ ಹಿಂದೆ ಸರಿದು ನಿಲ್ಲಿ. ಬೀಸುವ ಮಧ್ಯದಲ್ಲಿ ಸರಿಪಡಿಸಿಕೊಳ್ಳಲು ಹೋಗುವುದೇ ಬೆನ್ನು ಉಳುಕಲು ದಾರಿ.

ಬಲವೇ ಎಲ್ಲವಲ್ಲ ಎಂಬುದಕ್ಕೆ ನಮ್ಮ ಊರಿನ ಹುಡುಗಿಯೇ ಸಾಕ್ಷಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಹೋಗುವ ಕೆಲವೇ ವಾರಗಳ ಮುಂಚೆ ಕೋವಿಡ್‌ನಿಂದ ಬಳಲಿದ್ದರು. ಅವರ ಹೊಡೆತದ ದೂರ ಮೊದಲಿಗಿಂತಲೂ ಕುಗ್ಗಿತ್ತು. ಜೊತೆಯಲ್ಲಿ ಆಡಿದವರು ಅವರಿಗಿಂತ ಬಹಳ ದೂರ ಹೊಡೆಯುತ್ತಿದ್ದರು. ತಾಯಿಯನ್ನೇ ಕ್ಯಾಡಿಯಾಗಿ ಜೊತೆಗಿಟ್ಟುಕೊಂಡು, ದೂರಕ್ಕೆ ದೂರದಿಂದ ಪೈಪೋಟಿ ಮಾಡದೆ, ನಿಖರತೆಯಿಂದ ಆಡಿದ ಅವರು ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು.

ಆಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ಕಾರಿನಿಂದ ಇಳಿದವರೇ ಮೊದಲ ಚೆಂಡಿಗೆ ಪೂರ್ತಿ ಬಲ ಹಾಕುತ್ತಾರೆ. ತಂಗಾಳಿಯಲ್ಲಿ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಐದು ನಿಮಿಷ ಬಿರುಸಾದ ನಡಿಗೆ, ಭುಜ ಮತ್ತು ಸೊಂಟವನ್ನು ಎರಡೂ ಕಡೆಗೆ ನಿಧಾನವಾಗಿ ತಿರುಗಿಸುವುದು, ಆಮೇಲೆ ಚೆಂಡಿಲ್ಲದೆ ಹತ್ತು ಅರ್ಧ ಬೀಸು, ಇಷ್ಟು ಸಾಕು. ಮೈಗೆ ಅಂಟುವ ತೆಳು ಸ್ವೆಟರು ಒಳ್ಳೆಯದು. ದೊಗಳೆ ಜರ್ಕಿನ್ ಗಾಳಿ ತುಂಬಿಕೊಂಡು ಮೈಯನ್ನೇ ಎಳೆಯುತ್ತದೆ.

ಸೊಂಟ ಉಳುಕಿದರೆ ಏನು ಮಾಡಬೇಕು? ಆಟ ನಿಲ್ಲಿಸಿ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ದಿನಕ್ಕೆ ಮೂರು ನಾಲ್ಕು ಬಾರಿ ಹದಿನೈದು ನಿಮಿಷ ಇಡಬಹುದು, ನಂತರ ಬಿಸಿ ಶಾಖ ಹಿತ. ವಾರಗಟ್ಟಲೆ ಹಾಸಿಗೆ ಹಿಡಿಯುವುದು ಹಳೆಯ ಪದ್ಧತಿ. ನೋವು ಸಹಿಸುವಷ್ಟು ಓಡಾಡಿಕೊಂಡಿದ್ದರೆ ಬೇಗ ಗುಣವಾಗುತ್ತದೆ. ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ, ಸೊಂಟಕ್ಕೆ ಲಟಿಕೆ ತೆಗೆಸುವ ಸಾಹಸ ಬೇಡ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ, ಮೂತ್ರ ಮಲಗಳ ಮೇಲೆ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಒಂದು ದಿನದ ತಡವೂ ಶಾಶ್ವತ ಊನಕ್ಕೆ ಕಾರಣವಾಗಬಹುದು.

ಎದುರುಗಾಳಿಯ ನಡಿಗೆ ಮತ್ತು ಹೃದಯ

ಎದುರುಗಾಳಿಯಲ್ಲಿ ನಡೆಯುವುದೆಂದರೆ ದಿಬ್ಬ ಹತ್ತಿದಂತೆ. ಅದೇ ದೂರಕ್ಕೆ ಹೃದಯ ಹೆಚ್ಚು ದುಡಿಯಬೇಕು. ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಸ್ವಲ್ಪ ಏರುತ್ತದೆ. ಹೊಟ್ಟೆ ತುಂಬ ಉಂಡು, ದಿಬ್ಬದಲ್ಲಿ, ತಂಗಾಳಿಗೆ ಎದುರಾಗಿ ನಡೆಯುವಾಗ ಎದೆನೋವು ಬರುವುದು ವೈದ್ಯರಿಗೆ ಬಹಳ ಹಿಂದಿನಿಂದ ಪರಿಚಿತವಾದ ಲಕ್ಷಣ.

ಎದೆಯ ಮಧ್ಯದಲ್ಲಿ ಹಿಂಡಿದಂತಾಗುವುದು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ವಿಪರೀತ ಉಬ್ಬಸ, ತಣ್ಣನೆಯ ಬೆವರು, ಇವನ್ನು ‘ಬೆಳಿಗ್ಗೆ ತಿಂದ ಪೂರಿಯ ಗ್ಯಾಸು’ ಎಂದು ತಳ್ಳಿಹಾಕಬೇಡಿ. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಸುಸ್ತು ಮಾತ್ರ ಕಾಣಿಸಬಹುದು. ಆಟ ನಿಲ್ಲಿಸಿ ಕುಳಿತುಕೊಳ್ಳಿ. ವೈದ್ಯರು ನಿಮಗೆಂದೇ ನಾಲಿಗೆಯ ಕೆಳಗಿಡುವ ಮಾತ್ರೆ ಬರೆದುಕೊಟ್ಟಿದ್ದರೆ ಇಟ್ಟುಕೊಳ್ಳಿ. ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೊರಡಿ. ನೀವೇ ಕಾರು ಓಡಿಸಿಕೊಂಡು ಹೋಗಬೇಡಿ. 108ಕ್ಕೆ ಕರೆ ಮಾಡಿ. ಹೃದ್ರೋಗವಿದ್ದು ಚೆನ್ನಾಗಿರುವವರು ಗಾಲ್ಫ್ ಬಿಡಬೇಕಾಗಿಲ್ಲ. ವೈದ್ಯರನ್ನು ಕೇಳಿ, ಗಾಳಿಯ ದಿನ ಒಂಬತ್ತು ಕುಳಿಗೆ ಮುಗಿಸಿದರೆ ಆಯಿತು.

ಕಾಣದ ಬೆವರು, ತಿಳಿಯದ ಬಿಸಿಲು

ಗಾಳಿಯಲ್ಲಿ ಬೆವರು ಬಂದಷ್ಟೂ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಬಾಯಾರಿಕೆಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹದಿನಾಲ್ಕನೇ ಕುಳಿಯ ಹೊತ್ತಿಗೆ ತಲೆನೋವು, ಮೀನಖಂಡದ ಸೆಳೆತ, ಮೂತ್ರದ ಕಡುಹಳದಿ ಬಣ್ಣ ಕಾಣಿಸಿದಾಗಲೇ ನೀರು ಕಡಿಮೆಯಾದದ್ದು ತಿಳಿಯುತ್ತದೆ. ಬಾಯಾರಿಕೆಗೆ ಕಾಯದೆ ಎರಡು ಕುಳಿಗೊಮ್ಮೆ ನಾಲ್ಕಾರು ಗುಟುಕು ನೀರು ಕುಡಿಯಿರಿ. ಉಪ್ಪು ಹಾಕಿದ ನೀರು ಮಜ್ಜಿಗೆ, ಎಳನೀರು ಒಳ್ಳೆಯವು (ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ). ಆಟದ ಮಧ್ಯೆ ಬಿಯರು ಕುಡಿಯುವುದು ನೀರು ಕುಡಿದಂತಲ್ಲ.

ಬಿಸಿಲಿನ ಮಾತೂ ಇದೇ. ಮೋಡವಿದೆ, ತಂಪಾಗಿದೆ ಎಂದು ಟೊಪ್ಪಿ ತೆಗೆದಿಡುತ್ತೇವೆ. ಚರ್ಮ ಸುಡುವ ಅತಿನೇರಳೆ ಕಿರಣಗಳು ತೆಳು ಮೋಡವನ್ನು ದಾಟಿ ಬರುತ್ತವೆ. ಗಾಳಿ ಬಿಸಿಯನ್ನು ಮರೆಸುತ್ತದೆಯೇ ಹೊರತು ಕಿರಣವನ್ನು ತಡೆಯುವುದಿಲ್ಲ. ಗದ್ದಕ್ಕೆ ಪಟ್ಟಿ ಕಟ್ಟುವ ಅಗಲ ಅಂಚಿನ ಟೊಪ್ಪಿ, ತುಂಬುತೋಳಿನ ಹತ್ತಿ ಅಂಗಿ ಇರಲಿ.

ಕಣ್ಣು, ಮೂಗು, ಉಸಿರು

ಕಣ್ಣಿನ ಮೇಲೆ ಸದಾ ತೆಳುವಾದ ನೀರಿನ ಪದರವಿರುತ್ತದೆ. ಗಾಳಿಗೆ ಅದು ಆರಿ ಕಣ್ಣು ಉರಿಯುತ್ತದೆ, ಮರಳು ಬಿದ್ದಂತಾಗುತ್ತದೆ. ವಯಸ್ಸಾದವರಿಗೆ, ಕಂಪ್ಯೂಟರಿನ ಮುಂದೆ ದುಡಿಯುವವರಿಗೆ ಇದು ಹೆಚ್ಚು. ವರ್ಷಗಟ್ಟಲೆ ಗಾಳಿ, ಧೂಳು, ಬಿಸಿಲಿಗೆ ಒಡ್ಡಿಕೊಂಡವರಲ್ಲಿ ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ಮಾಂಸದ ತೆರೆಯೊಂದು ಬೆಳೆಯಬಹುದು. ಇದಕ್ಕೆ ಟೆರಿಜಿಯಂ ಎನ್ನುತ್ತಾರೆ. ಕೆನ್ನೆಯವರೆಗೂ ಬಾಗಿದ ಕನ್ನಡಕ ಧರಿಸುವುದು ಸುಲಭದ ರಕ್ಷಣೆ. ಧೂಳು ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಿಂದ ತೊಳೆಯಿರಿ. ಬಾಯಿಯಿಂದ ಊದಿಸುವುದು, ಕರವಸ್ತ್ರದ ಮೂಲೆಯಿಂದ ಕೆದಕುವುದು ಬೇಡ. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ಗಾಳಿಯ ದಿನ ಕನ್ನಡಕಕ್ಕೆ ಮರಳುವುದು ಉತ್ತಮ.

ನಮ್ಮ ಕಡೆ ಗಾಳಿ ಬರಿಗೈಯಲ್ಲಿ ಬರುವುದಿಲ್ಲ. ಖಾಲಿ ಸೈಟುಗಳಲ್ಲಿ, ರಸ್ತೆಬದಿಯಲ್ಲಿ ಹಬ್ಬಿದ ಪಾರ್ಥೇನಿಯಂ, ಅಂದರೆ ನಮ್ಮ ‘ಕಾಂಗ್ರೆಸ್ ಗಿಡ’ದ ಪರಾಗವನ್ನೂ, ಒಣಗಿದ ಚೂರುಗಳನ್ನೂ, ಕಟ್ಟಡದ ಸಿಮೆಂಟು ಧೂಳನ್ನೂ ಹೊತ್ತು ತರುತ್ತದೆ. ಸೀನು, ಮೂಗು ಸೋರುವುದು, ಮುಖ ಕುತ್ತಿಗೆ ಮತ್ತು ಮೊಣಕೈ ಮಡಿಕೆಗಳಲ್ಲಿ ತುರಿಕೆಯ ಗಂಧೆ ಇದರಿಂದ ಬರಬಹುದು. ಆಸ್ತಮಾ ಇರುವವರು ಉಸಿರಿಗೆಳೆದುಕೊಳ್ಳುವ ಪಂಪನ್ನು ಕಾರಿನಲ್ಲಲ್ಲ, ಜೇಬಿನಲ್ಲಿಟ್ಟುಕೊಳ್ಳಬೇಕು. ಗುಡುಗುಮಳೆಯ ಗಾಳಿ ಆಸ್ತಮಾದವರಿಗೆ ವಿಶೇಷ ಅಪಾಯಕಾರಿ. ಅದು ಪರಾಗವನ್ನು ಒಡೆದು ಸೂಕ್ಷ್ಮ ಕಣಗಳನ್ನಾಗಿ ಶ್ವಾಸಕೋಶದ ಆಳಕ್ಕೆ ತಲುಪಿಸುತ್ತದೆ. 2016ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಒಂದೇ ಸಂಜೆಯ ಇಂಥ ಗಾಳಿಯಿಂದ ಸಾವಿರಾರು ಜನ ಆಸ್ಪತ್ರೆ ಸೇರಿ ಹತ್ತು ಮಂದಿ ಸಾವಿಗೀಡಾದರು. ಮನೆಗೆ ಬಂದೊಡನೆ ಮುಖ ತೊಳೆದು, ಬಟ್ಟೆ ಬದಲಿಸಿ, ಸ್ನಾನ ಮಾಡುವುದು ಒಳ್ಳೆಯ ಅಭ್ಯಾಸ.

‘ಗಾಳಿ ಹೊಡೆದು ಬಾಯಿ ಸೊಟ್ಟಗಾಯಿತು’

ತಂಗಾಳಿಗೆ ಕಿವಿ ಒಡ್ಡಿದರೆ ಮುಖ ಸೊಟ್ಟಗಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮುಖದ ನರ ಊದಿಕೊಂಡು ಒಂದು ಪಕ್ಕ ಸ್ವಾಧೀನ ತಪ್ಪುವ ಈ ತೊಂದರೆಗೆ ಬೆಲ್ಸ್ ಪಾಲ್ಸಿ ಎಂದು ಹೆಸರು. ಬಹಳಷ್ಟು ಪ್ರಕರಣಗಳಲ್ಲಿ ವೈರಸ್‌ನ ಪಾತ್ರವಿದೆ ಎಂದು ವೈದ್ಯರು ಶಂಕಿಸುತ್ತಾರೆ. ಗಾಳಿಯೇ ಕಾರಣ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಮಫ್ಲರು ಸುತ್ತಿಕೊಂಡರೆ ತಪ್ಪೇನಿಲ್ಲ, ಬೆಚ್ಚಗಿರುತ್ತದೆ. ತಪ್ಪಾಗುವುದು ‘ಗಾಳಿಯಿಂದಾದದ್ದು, ತಾನೇ ಹೋಗುತ್ತದೆ’ ಎಂದು ಮನೆಯಲ್ಲಿ ಕೂತಾಗ. ಮೂರು ದಿನಗಳೊಳಗೆ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದರೆ ಪೂರ್ತಿ ಗುಣವಾಗುವ ಸಾಧ್ಯತೆ ಹೆಚ್ಚು.

ಇದಕ್ಕಿಂತ ಮುಖ್ಯವಾದದ್ದು, ಬಾಯಿ ಸೊಟ್ಟಗಾಗುವುದು ಪಾರ್ಶ್ವವಾಯುವಿನ ಲಕ್ಷಣವೂ ಆಗಿರಬಹುದು. ಜೊತೆಗೆ ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬಾರದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ಕಳೆಯುವ ಹೊತ್ತೂ ಇದರಲ್ಲೇ ಸೇರಿದೆ ಎಂಬುದು ನೆನಪಿರಲಿ. ಯಾವುದು ಬೆಲ್ಸ್ ಪಾಲ್ಸಿ, ಯಾವುದು ಪಾರ್ಶ್ವವಾಯು ಎಂದು ತೀರ್ಮಾನಿಸುವುದು ವೈದ್ಯರ ಕೆಲಸ, ನಮ್ಮದಲ್ಲ.

ಚೀಲ ಹೊರುವವರ ಮಾತು

ಗಾಳಿಯ ದಿನ ಆಟಗಾರನಿಗಿಂತ ಹೆಚ್ಚು ಕಷ್ಟ ಕ್ಯಾಡಿಯದು. ಹತ್ತು ಹನ್ನೆರಡು ಕೆ.ಜಿ. ಚೀಲ ಒಂದೇ ಭುಜದಲ್ಲಿ, ಗಾಳಿಗೆ ಸಿಕ್ಕ ಛತ್ರಿ ಇನ್ನೊಂದು ಕೈಯಲ್ಲಿ. ಕೆಲವರು ದಿನಕ್ಕೆ ಎರಡು ಸುತ್ತು ನಡೆಯುತ್ತಾರೆ. ಅವರ ಬೆನ್ನೂ ಬೆನ್ನೇ. ಎರಡೂ ಭುಜಕ್ಕೆ ಹಾಕುವ ಪಟ್ಟಿ ಅಥವಾ ಗಾಲಿಯ ಗಾಡಿ ಕೊಡುವುದು, ಗಾಳಿಯ ದಿನ ಬೇಡದ ಕೋಲುಗಳನ್ನು ತೆಗೆದಿಡುವುದು, ನೀರಿನ ಬಾಟಲಿ ಎರಡು ಒಯ್ಯುವುದು ಆಟಗಾರರ ಕರ್ತವ್ಯ. ಆಟ ನಿಂತಾಗ ಆಟಗಾರರಿಗೆ ಕಟ್ಟಡದೊಳಗೆ, ಕ್ಯಾಡಿಗಳಿಗೆ ಮರದಡಿ ಎಂಬ ವ್ಯವಸ್ಥೆ ಎಲ್ಲಿಯೂ ಇರಕೂಡದು.

ಚೆಂಡಿನ ಪೆಟ್ಟಿನ ಭಯವೂ ಅವರಿಗೇ ಹೆಚ್ಚು. 46 ಗ್ರಾಂನಷ್ಟು ತೂಗುವ ಆ ಗಟ್ಟಿ ಚೆಂಡು ಅಡ್ಡಗಾಳಿಗೆ ಸಿಕ್ಕು ಎಣಿಸದ ಕಡೆ ಹೋಗುತ್ತದೆ. ಹೊಡೆದವರು ‘ಫೋರ್’ ಎಂದು ಕೂಗಿದ್ದು ಎದುರುಗಾಳಿಯಲ್ಲಿ ಮುಂದಿನವರಿಗೆ ಕೇಳಿಸುವುದೇ ಇಲ್ಲ. ಆದ್ದರಿಂದ ಗಾಳಿಯ ದಿನ ಮುಂದಿನ ಗುಂಪು ಪೂರ್ತಿ ದೂರ ಹೋಗುವವರೆಗೆ ಕಾಯಬೇಕು, ಕೂಗಿನ ಜೊತೆ ಕೈಯನ್ನೂ ಬೀಸಬೇಕು. ಕೂಗು ಕೇಳಿದವರು ತಿರುಗಿ ನೋಡದೆ ತಲೆಯನ್ನು ತೋಳಿನಿಂದ ಮುಚ್ಚಿಕೊಂಡು ಬಗ್ಗಬೇಕು. ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಮಂಪರು, ಗೊಂದಲ, ಹೆಚ್ಚುತ್ತಿರುವ ತಲೆನೋವು ಕಂಡರೆ ಕೂಡಲೇ ಆಸ್ಪತ್ರೆ. ಕಣ್ಣಿಗೆ ಬಿದ್ದ ಪೆಟ್ಟನ್ನು ಅದೇ ದಿನ ಕಣ್ಣಿನ ವೈದ್ಯರು ನೋಡಬೇಕು.

ಆಟ ಯಾವಾಗ ನಿಲ್ಲಬೇಕು?

ಗಾಳಿ ಅಳೆಯಲು ಯಂತ್ರ ಬೇಕಿಲ್ಲ. 1805ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಬೋಫೋರ್ಟ್ ರೂಪಿಸಿದ ಮಾಪನವನ್ನು ಆಮೇಲೆ ನೆಲಕ್ಕೂ ಹೊಂದಿಸಿದ್ದಾರೆ. ಧೂಳು, ಕಾಗದದ ಚೂರು ಏಳುತ್ತಿದ್ದು ಸಣ್ಣ ಕೊಂಬೆ ಅಲುಗುತ್ತಿದ್ದರೆ ಗಂಟೆಗೆ 20ರಿಂದ 28 ಕಿ.ಮೀ. ವೇಗ. ಎಚ್ಚರಿಕೆಯಿಂದ ಆಡಬಹುದು. ಎಲೆ ತುಂಬಿದ ಸಣ್ಣ ಮರವೇ ತೂಗಾಡಿದರೆ 29ರಿಂದ 38. ಬೆನ್ನುನೋವು, ಹೃದ್ರೋಗ ಇರುವವರು, ವೃದ್ಧರು ಇಲ್ಲಿಗೆ ನಿಲ್ಲಿಸಲಿ. ದೊಡ್ಡ ಕೊಂಬೆಗಳು ಹೊಯ್ದಾಡಿ ಛತ್ರಿ ಹಿಡಿಯಲು ಕಷ್ಟವಾದರೆ 39ರಿಂದ 49. ಇದು ಎಲ್ಲರೂ ಮನೆಗೆ ಹೊರಡುವ ಹೊತ್ತು. ಇಡೀ ಮರ ಅಲುಗಿದರೆ 50 ದಾಟಿದೆ ಎಂದರ್ಥ. ಗುಲ್‌ಮೊಹರ್‌ನಂಥ ಮೆದು ಮರಗಳ ಕೆಳಗೆ ಹಾದುಹೋಗುವುದೂ ಬೇಡ.

ಆಟ ನಿಲ್ಲಿಸುವುದು ಹೇಡಿತನವಲ್ಲ. ಗಾಳಿಗೆ ಹೆಸರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 2015ರ ಜುಲೈನಲ್ಲಿ ಓಪನ್ ಪಂದ್ಯಾವಳಿ ನಡೆದಾಗ ನಿಂತ ಚೆಂಡೇ ಹುಲ್ಲಿನ ಮೇಲೆ ಉರುಳತೊಡಗಿ ಆಟವನ್ನು ಹತ್ತು ಗಂಟೆಗೂ ಹೆಚ್ಚು ಕಾಲ ನಿಲ್ಲಿಸಲಾಯಿತು. ಭಾನುವಾರ ಮುಗಿಯಬೇಕಿದ್ದ ಪಂದ್ಯ ಸೋಮವಾರ ಮುಗಿಯಿತು. ಅದಿತಿ ಆಡಿದ ಟೋಕಿಯೋದ ಕೊನೆಯ ಸುತ್ತು ಕೂಡ ಬಿರುಮಳೆಯ ಭೀತಿಯಿಂದ ಮುಕ್ಕಾಲು ಗಂಟೆಯಷ್ಟು ನಿಂತಿತ್ತು.

ಗುಡುಗು ಕೇಳಿಸಿದರಂತೂ ಲೆಕ್ಕಾಚಾರವೇ ಬೇಡ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಂದು ತಿಳಿಯಿರಿ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಸಿಡಿಲು ನಿಮ್ಮನ್ನು ತಲುಪಬಲ್ಲದು. ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಂತವನೇ ಎತ್ತರದ ವಸ್ತು. ಒಂಟಿ ಮರದ ಕೆಳಗೆ ನಿಲ್ಲುವುದು ಅದಕ್ಕಿಂತ ಕೆಟ್ಟದ್ದು. ಪಕ್ಕಾ ಕಟ್ಟಡ ಅಥವಾ ಮುಚ್ಚಿದ ಕಾರಿನೊಳಗೆ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ನಾಲ್ಕೂ ಕಡೆ ತೆರೆದ ಗಾಲ್ಫ್ ಗಾಡಿ ರಕ್ಷಣೆ ಕೊಡುವುದಿಲ್ಲ. ಅಮೆರಿಕದ ಪ್ರಖ್ಯಾತ ಆಟಗಾರ ಲೀ ಟ್ರೆವಿನೊ 1975ರ ಜೂನ್‌ನಲ್ಲಿ ಷಿಕಾಗೊ ಬಳಿ ಸಿಡಿಲಿನ ಹೊಡೆತಕ್ಕೆ ಸಿಕ್ಕು ಬದುಕುಳಿದರೂ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಸಿಡಿಲಿನ ಅಪಾಯವಿದೆ ಎಂದು ಅನಿಸಿದರೆ ಸಂಘಟಕರ ಅಪ್ಪಣೆಗೆ ಕಾಯದೆ ಆಟ ನಿಲ್ಲಿಸುವ ಹಕ್ಕನ್ನು ಗಾಲ್ಫ್ ನಿಯಮಗಳೇ ಆಟಗಾರನಿಗೆ ಕೊಟ್ಟಿವೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿ. ಉಸಿರಾಟ ನಿಂತಿದ್ದರೆ ಕೂಡಲೇ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ.

ಮುನ್ಸೂಚನೆ ನೋಡುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದೇ ನಮ್ಮ ಯಲಹಂಕದಲ್ಲಿ. ಸಿಡಿಲಿನ ಮುನ್ಸೂಚನೆಗೆಂದು ಅದು ‘ಸಿಡಿಲು’ ಎಂಬ ಮೊಬೈಲ್ ತಂತ್ರಾಂಶವನ್ನು, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ‘ದಾಮಿನಿ’ಯನ್ನು ರೂಪಿಸಿವೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಆಟವನ್ನು ಬೆಳಿಗ್ಗೆಗೆ ಬದಲಿಸಿದರೆ ಅರ್ಧ ಅಪಾಯ ತಪ್ಪಿದಂತೆ. ಆಷಾಢದಲ್ಲೂ ಅಷ್ಟೇ. ಬೆಳಗಿನ ಆರು ಗಂಟೆಗೆ ಶುರು ಮಾಡಿದವರು ಗಾಳಿ ಏರುವ ಹೊತ್ತಿಗೆ ಮುಗಿಸಿ ಬರಬಹುದು.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಅವಕಾಶ ಬಳಸಿಕೊಳ್ಳುವ ಅರ್ಥದಲ್ಲಿ ಹೇಳುತ್ತೇವೆ. ಕಣದಲ್ಲಿ ರಾಗಿ ತೂರುವ ರೈತನನ್ನು ನೋಡಿದವರಿಗೆ ಅದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ಆತ ಮೊರ ಎತ್ತಿ ಹಿಡಿದು ಮೆಲ್ಲಗೆ ಅಲುಗಿಸುತ್ತಾನೆ ಅಷ್ಟೆ, ಉಳಿದ ಕೆಲಸ ಗಾಳಿಯದು. ಗಾಳಿ ಹದವಾಗಿಲ್ಲದಿದ್ದರೆ ಮೊರ ಕೆಳಗಿಟ್ಟು ಕಾಯುತ್ತಾನೆ. ಗಾಲ್ಫ್ ಅಂಗಳದಲ್ಲಿ ನಮ್ಮ ಬೆನ್ನು, ಮೊಣಕೈ, ಹೃದಯಗಳು ಬಯಸುವುದೂ ಇಷ್ಟನ್ನೇ.